ಗುರುವಾರ ಮೂರು ಗಂಟೆ

ಪ್ರಶಸ್ತಿ ಪತ್ರ ಹಿಡಿದು ಸಭಾಂಗಣದ ಮೆಟ್ಟಿಲಿಳಿಯುತ್ತಿದ್ದ ಹುಡುಗಿಯ ಕೈಯನ್ನು ಭಾಷಾ ಲ್ಯಾಬಿನ ಅಟೆಂಡರ್ ಅಕ್ಕ ಗಪ್ಪನೆ ಹಿಡಿದುಕೊಂಡಳು.

"ಒಂದು ಚೀಟಿ ಓದಿ ಹೇಳ್ತೀಯೇನಮ್ಮ? ಎರಡೇ ನಿಮಿಷ. ಮೂರು ಗಂಟೆಗೆ ಕಾಲ್ ಬಂದ್ಬಿಡತ್ತೆ."

"ಯಾವ ಕಾಲ್ ಅಕ್ಕ? ಕೋರ್ಸ್ ಮುಗಿದು ಎರಡು ವಾರ ಆಯ್ತಲ್ಲ!"

"ಮುಗಿದಿದ್ದು ನಂಗ್ಯಾರು ಹೇಳಿದ್ರು? ಗುರುವಾರ ಮೂರು ಗಂಟೆ ಅಂತ ನಿನ್ನ ಹೆಸರಿನ ನೋಟೀಸು ಇನ್ನೂ ಗೋಡೆ ಮೇಲಿದೆ. ನಾನು ಬಾಗಿಲು ತೆಗೀತೀನಿ, ಅಷ್ಟೇ."

'ವಿಶ್ವ ನಾಗರಿಕರಾಗೋಣ' ಎಂಬ ಆ ಕೋರ್ಸಿನಲ್ಲಿ ಇವಳಿಗೇ ಮೊದಲ ಸ್ಥಾನ. ದೂರದ ದೇಶದ ಕಾಲೇಜಿನ ಹುಡುಗಿಯೊಬ್ಬಳ ಜೊತೆ ಹತ್ತು ವಾರ ವಿಡಿಯೋ ಕಾಲಿನಲ್ಲಿ ಮಾತಾಡಿ ವರದಿ ಬರೆಯಬೇಕಿತ್ತು. ಇವಳು ಮಾತಾಡಿದ್ದು ಮೂರೇ ವಾರ. ಮೇಡಂ ಕೊಟ್ಟ ಪಟ್ಟಿಯಲ್ಲಿ ಉಡುಗೆ, ಹವಾಮಾನ, ಆಟೋಟ ಅಂತ ಪ್ರಶ್ನೆಗಳಿದ್ದವು. ತಲೆಗೆ ಬಟ್ಟೆ ಸುತ್ತಿಕೊಂಡು ಹಾಸಿಗೆಯಲ್ಲಿ ಒರಗಿರುತ್ತಿದ್ದ ಆ ಹುಡುಗಿಯೋ, ಎಲ್ಲಕ್ಕೂ ಒಂದೊಂದೇ ಮಾತಿನ ಉತ್ತರ ಕೊಟ್ಟು, ಆಸ್ಪತ್ರೆ, ರಕ್ತ ಪರೀಕ್ಷೆ, ಭಯ ಅಂತ ಶುರು ಹಚ್ಚಿಕೊಳ್ಳುತ್ತಿದ್ದಳು. ಅವಳನ್ನು ಕಟ್ಟಿಕೊಂಡರೆ ಮಾರ್ಕ್ಸ್ ಬಂದ ಹಾಗೇ ಎಂದುಕೊಂಡ ಇವಳು, ಉಳಿದ ಏಳು ವಾರದ ಮಾತುಕತೆಯನ್ನು ಹಾಸ್ಟೆಲಿನ ಮಂಚದ ಮೇಲೆ ಕೂತು ತಾನೇ ಹೊಸೆದಳು. ಚೆನ್ನಾಗಿಯೇ ಹೊಸೆದಿದ್ದಳು ಬಿಡಿ. ಈಗಷ್ಟೇ ವೇದಿಕೆಯ ಮೇಲೆ ಅದರ ಎರಡು ಪ್ಯಾರಾ ಓದುವಾಗ ಮೇಡಂ ಕಣ್ಣೊರೆಸಿಕೊಂಡಿದ್ದರು.

"ಹಾಗಾದ್ರೆ ಅವಳು... ಕಾಲ್ ಮಾಡ್ತಾನೇ ಇದ್ದಳಾ?"

"ಮತ್ತೆ? 'ಕಂಪ್ಯೂಟರ್ ಹಾಕಿಡಿ ಅಕ್ಕ, ಬಂದೆ' ಅಂದು ಹೋದವಳು ನೀನು ಪತ್ತೆಯೇ ಇಲ್ಲ. ಅದು ಒಂದೇ ಸಮ ಬಡ್ಕೋತಿತ್ತು. ಪಾಪ, ಕಾಯ್ತಿರತ್ತಲ್ಲ ಅಂತ ಹಸಿರು ಗುಂಡಿ ಒತ್ತಿದೆ. ಅವಳ ಮಾತು ನಂಗೆ ಬರಲ್ಲ, ನನ್ನದು ಅವಳಿಗೆ ಬರಲ್ಲ. ಆದ್ರೂ ವಾರವಾರ ಏನೋ ಒಂದು ನಡೀತಿತ್ತು ನಮ್ಮದು. ನಾನು ಕಸ ಗುಡಿಸೋದು ನೋಡಿ ನಗೋಳು. ನಾನು ಮಂಡಿ ನೋವು ಅಂತ ತೋರಿಸಿದ್ರೆ, ಅವಳು ಕೈಯಲ್ಲಿ ಸೂಜಿ ಚುಚ್ಚಿದ ಜಾಗ ತೋರಿಸೋಳು." ಅಕ್ಕನ ದನಿ ಇಳಿಯಿತು. "ಎರಡು ವಾರದಿಂದ ಅವಳು ಕಾಣ್ತಿಲ್ಲ. ಯಾರೋ ವಯಸ್ಸಾದ ಹೆಂಗಸು ಬಂದು ಒಂದು ಚೀಟಿ ಹಿಡ್ಕೊಂಡು ಕೂರ್ತಾಳೆ. ನಂಗೆಲ್ಲಿ ಇಂಗ್ಲಿಷು? ಮೇಡಂನ ಕೇಳೋಣ ಅಂದ್ರೆ, ಆಮೇಲೆ ನಿನಗೆ ಬೈದಾರು ಅಂತ ಸುಮ್ಮನಾದೆ. ನೀನೋ ಕೈಗೇ ಸಿಗಲ್ಲ. ಆ ಮಗು ಹೇಗಿದೆಯೋ ಅಂತ ಅದೇ ಯೋಚನೆ ಆಗಿದೆ ಕಣಮ್ಮ."

"ಫೋಟೋಗೆ ಬಾರೇ!" ಎಂದು ಮೇಲಿಂದ ಗೆಳತಿಯರು ಕೂಗಿದರು. ಆ ಕಡೆ ಓಡಿಬಿಡಬಹುದಿತ್ತು. ಆದರೆ ತನಗೆ ಬೈಗುಳ ತಪ್ಪಿಸಲು ಬಾಯಿ ಮುಚ್ಚಿಕೊಂಡಿದ್ದ ಹೆಂಗಸಿನ ಕೈ ಬಿಡಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ತಲೆ ತಗ್ಗಿಸಿಕೊಂಡು ಅಕ್ಕನ ಹಿಂದೆ ಹೋದಳು.

ಲ್ಯಾಬಿನಲ್ಲಿ ಕಿಟಕಿ ಪಕ್ಕದ ಒಂದು ಕಂಪ್ಯೂಟರಿಗೆ ಮಾತ್ರ ಮುಸುಕು ತೆಗೆದಿತ್ತು. ಎದುರಿಗೆ ಎರಡು ಕುರ್ಚಿ. ಮೂರು ಗಂಟೆಗೆ ಸರಿಯಾಗಿ ಅದು ಬಡಿದುಕೊಂಡಿತು. ಅಕ್ಕ ಗುಂಡಿ ಒತ್ತಿದಳು. ನೀಟಾಗಿ ತಲೆ ಬಾಚಿಕೊಂಡ ಹೆಂಗಸೊಬ್ಬಳು ಎರಡೂ ಕೈಯಲ್ಲಿ ಚೀಟಿ ಹಿಡಿದು ಕೂತಿದ್ದಳು. ಅಕ್ಕನ ಪಕ್ಕ ಹೊಸ ಮುಖ ಕಂಡದ್ದೇ ಮುಂದಕ್ಕೆ ಬಾಗಿ ಚೀಟಿಯನ್ನು ಕ್ಯಾಮೆರಾಕ್ಕೆ ಹತ್ತಿರ ತಂದಳು. ಯಾರ ಹತ್ತಿರವೋ ಬರೆಸಿಕೊಂಡು ಬಂದ ದಪ್ಪ ದಪ್ಪ ಇಂಗ್ಲಿಷ್ ಅಕ್ಷರ.

"ಜೋರಾಗಿ ಓದಮ್ಮ, ನಂಗೂ ಕೇಳಲಿ."

"ಇವರು ಅವಳ ಅಮ್ಮ..." ಹುಡುಗಿ ಮುಂದಿನ ಸಾಲು ಓದಿ ಅಕ್ಕನ ಕಡೆ ತಿರುಗಿದಳು. "ಅವಳು ತೀರಿಕೊಂಡಳಂತೆ ಅಕ್ಕ. ಕೊನೇ ಸಲ ಇಲ್ಲಿ ಮಾತಾಡಿದ ಎರಡು ದಿನಕ್ಕೆ."

"ಅಯ್ಯೋ ಕಂದಾ!" ಎಂದು ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳು ಅಳುವುದನ್ನು ಕಂಡು ಆ ಕಡೆಯ ತಾಯಿಗೂ ತಡೆಯಲಾಗಲಿಲ್ಲ. ಅಳುತ್ತಲೇ, ಚೀಟಿಯ ಕೆಳಗಿನ ಸಾಲುಗಳನ್ನು ಬೆರಳಿಟ್ಟು ತೋರಿಸಿದಳು.

"ಇನ್ನೂ ಇದೆಯಲ್ಲ, ಅದೇನು?" ಅಂದಳು ಅಕ್ಕ.

ಹುಡುಗಿ ನಿಧಾನವಾಗಿ ಓದಿದಳು. "ಗುರುವಾರ ಬಂತೆಂದರೆ ನನ್ನನ್ನು ಆಚೆ ಕಳಿಸಿ, ಬಾಗಿಲು ಹಾಕಿಕೊಂಡು ನಿನ್ನ ಹತ್ತಿರ ಮಾತಾಡುತ್ತಿದ್ದಳು. ನನ್ನ ಹತ್ತಿರ ಹೇಳಲಾಗದ್ದನ್ನು ನಿನಗೆ ಹೇಳಿಕೊಂಡಿರುತ್ತಾಳೆ. ಕೊನೆಗಾಲಕ್ಕೆ ಒಬ್ಬ ಗೆಳತಿಯಾದರೂ ಸಿಕ್ಕಳಲ್ಲ. ಆ ದಿನ ಅವಳು ಏನಂದಳು ಮಗಳೇ? ಅದೊಂದನ್ನು ನನಗೆ ಬರೆದು ತಿಳಿಸು."

ಹೊಸೆಯುವುದು ಇವಳಿಗೆ ಹೊಸದೇನಲ್ಲ. ಅಮ್ಮನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದಿದ್ದರೆ ಆಗುತ್ತಿತ್ತು. ಆದರೆ ಕಾದು ಕೂತಿದ್ದ ಆ ಮುಖದ ಎದುರು ಬೆರಳು ಏಳಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗಿ ಹೋಯಿತು. ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಅಕ್ಕನ ಕಡೆ ತಿರುಗಿದಳು.

"ಅವತ್ತು ಅವಳು ಏನು ಹೇಳಿದಳು ಅಕ್ಕ?"

"ತುಂಬಾ ಹೊತ್ತು ಮಾತಾಡಿದಳಮ್ಮ. ಅವತ್ತು ನಗಲೇ ಇಲ್ಲ. ಕೊನೆಗೆ ಏನೋ ಒಂದು ಕೇಳಿದಳು. ನಾನು ಪಿಳಿಪಿಳಿ ನೋಡ್ತಿದ್ದೆ ಅಂತ ಮತ್ತೊಂದು ಸಲ ಕೇಳಿದಳು." ಅಕ್ಕ ಮೂಗೊರೆಸಿಕೊಂಡಳು. "ಏನು ಕೇಳಿದಳೋ ಏನೋ... ನಾನು ಹೂಂ ಅಂದುಬಿಟ್ಟೆ."