ಎರಾಲ್ ಬರೆದ ಸೊನ್ನೆ

ಹೆಡ್‌ಫೋನಿನಲ್ಲಿ ಎರಡು ಹಾಡುಗಳು ಕಚ್ಚಾಡುತ್ತಿದ್ದವು. ತೀರಿಹೋದ ಅಣ್ಣ ಎರಾಲ್‌ನ ನೆನಪಿಗೆ ಪೆಕಮ್ ಬಡಾವಣೆಯ ಸಭಾಂಗಣದಲ್ಲಿ ಜನ ಕುಣಿಯುತ್ತಿದ್ದರು. ಅವನ ಮೆಚ್ಚಿನ ಗ್ಯಾರೇಜ್ ಶೈಲಿಯ ಕುಣಿತದ ರೆಕಾರ್ಡನ್ನು ಡೀಜೆ ಲೆನಾಕ್ಸ್ ಈಗ ಓಡುತ್ತಿದ್ದ ಹಾಡಿಗೆ ಬೆಸೆಯಬೇಕಿತ್ತು. ರೆಕಾರ್ಡಿನ ಕವರಿನ ಮೇಲೆ ಅಣ್ಣನೇ ಆ ಹಾಡಿನ ಹೆಸರು ಹಾಕಿ ಬರೆದಿಟ್ಟಿದ್ದ: "ಇದರ ಜೊತೆ. ವೇಗ ಸೊನ್ನೆ." ವೇಗದ ಗುಂಡಿಯನ್ನು ಸೊನ್ನೆಯಲ್ಲೇ, ಅಂದರೆ ರೆಕಾರ್ಡಿನ ಸಹಜ ವೇಗದಲ್ಲೇ, ಇಟ್ಟರೂ ತಾಳ ಹಿಂದೆ ಬೀಳುತ್ತಿತ್ತು, ಶ್ರುತಿ ಇಳಿದಿತ್ತು.

"ನಿಮ್ಮಣ್ಣಂಗೆ ಕಿವಿ ಇತ್ತೇನೋ?" ಮೈಕ್ ಹಿಡಿದಿದ್ದ ಗೆಳೆಯ ಕ್ಲೈವ್ ಹೆಡ್‌ಫೋನಿಗೆ ಕಿವಿಯಿಟ್ಟು ಕಿಚಾಯಿಸಿದ.

"ಮುಚ್ಕೊಂಡಿರೋ!" ಎಂದು ಉರಿದುಬಿದ್ದವನಿಗೆ ತಟ್ಟನೆ ಹೊಳೆಯಿತು. ಭಾನುವಾರದ ಅಡುಗೆಮನೆ, ಊಟಕ್ಕೆ ಬಂದು ಕೂತ ಕ್ಲೈವ್, ಅನ್ನ-ಕಾಳಿನ ಪಾತ್ರೆಯ ಪಕ್ಕ ಅಣ್ಣನ ಹಳೇ ಪ್ಲೇಯರು. ಹಾಳಾದ್ದು ಯಾವಾಗಲೂ ಬೇಕಾದ್ದಕ್ಕಿಂತ ಬೇಗ ತಿರುಗುತ್ತಿತ್ತು! ಅಣ್ಣ ಬರೆದ ಸೊನ್ನೆ ಅದರ ಸೊನ್ನೆ.

ಲೆನಾಕ್ಸ್ ವೇಗದ ಗುಂಡಿಯನ್ನು ಹೆಚ್ಚಿನ ಕಡೆಗೆ ನೂಕಿದ. ತಾಳ ಕೂಡಿತು, ಶ್ರುತಿಯೂ ಏರಿ ಕೂತಿತು. ಹಾಡುಗಾರ್ತಿಯ ದನಿ ತೆಳ್ಳಗೆ, ಅವಸರವಾಗಿ ಸ್ಪೀಕರಿನಿಂದ ಹೊಮ್ಮಿತು.

ಕ್ಲೈವ್ ಮೈಕ್ ಇಳಿಸಿದ. "ಲೋ... ನಿಮ್ಮ ಅಡುಗೆಮನೆ ಕಣೋ ಇದು."