ಮೊದಲ ಬಂದೂಕಿನ ಅಳತೆ

ಚಾಪೆಯ ಮೇಲೆ ಐದು ಬಂದೂಕುಗಳು ಸಾಲಾಗಿ ಮಲಗಿದ್ದವು. ಪೂವಪ್ಪ ಅವುಗಳ ಮುಂದೆ ಮಂಡಿಯೂರಿ ಕುಳಿತಿದ್ದ. ಯಾವ ಕಡೆಯಿಂದ ಹಿಡಿದೆತ್ತಬೇಕೆಂಬುದೇ ಅವನಿಗೆ ತಿಳಿದಿರಲಿಲ್ಲ.

“ಮೊಮ್ಮಗ ರಜೆಗೆ ಆಫ್ರಿಕಾಕ್ಕೆ, ಸೋದರಮಾವನ ಮನೆಗೆ ಹೋಗುತ್ತಾನೆ. ಜಿಂಕೆ ಬೇಟೆಗೆ ಅವನ ಮೊದಲ ಬಂದೂಕು. ನೀನೇ ಆರಿಸಿಕೊಡು,” ಎಂದರು ಅವನ ವೀಸಾದ ಧಣಿ, ಕಫೀಲ್ ಸಾಲಿಂ. “ನಿನ್ನ ಕೈಕೆಲಸದ ಬಗ್ಗೆ ನನಗೆ ಅನುಮಾನವೇ ಇಲ್ಲ.”

ಪೂವಪ್ಪನಿಗೆ ಬೆವರು ಬಂತು.

ಆರು ವರ್ಷದ ಹಿಂದೆ ಬೊಂಬಾಯಿಯ ಏಜೆಂಟನ ಬಳಿ ದರ್ಜಿಗಳ ವೀಸಾ ಖಾಲಿಯಾಗಿ, ಬಂದೂಕು ರಿಪೇರಿಯವನ ವೀಸಾ ಒಂದೇ ಉಳಿದಿತ್ತು. “ಅಲ್ಲಿ ಯಾರು ಕೇಳ್ತಾರೆ?” ಎಂದ ಏಜೆಂಟ್. ಪೂವಪ್ಪ ವಿಮಾನ ಹತ್ತಿದ. ಅವನು ಅರಬರ ನಾಡಿನ ಸುವೈಕ್ ಊರು ಮುಟ್ಟುವಷ್ಟರಲ್ಲಿ ಕಫೀಲರ ಬಂದೂಕಿನ ಅಂಗಡಿ ಮುಚ್ಚುವ ಹಂತಕ್ಕೆ ಬಂದಿತ್ತು. “ಕೆಲಸ ಬಿದ್ದಾಗ ಕರೆಸುತ್ತೇನೆ, ಅಲ್ಲಿಯವರೆಗೆ ಎಲ್ಲಾದರೂ ದುಡಿದುಕೋ,” ಎಂದು ಅವರು ಬಿಟ್ಟುಬಿಟ್ಟರು. ಅಂದಿನಿಂದ ಅವನು ಅಲ್ ಮವಾಲೇಹ್‌ನಲ್ಲಿ, ಉಮರಬ್ಬ ಬ್ಯಾರಿಗಳ ಹೊಲಿಗೆ ಅಂಗಡಿಯಲ್ಲಿದ್ದ. ಆರು ವರ್ಷ ಕರೆ ಬಂದಿರಲಿಲ್ಲ. ನಿನ್ನೆ ಬಂತು.

ಸುಳ್ಳು ಬಯಲಾದರೆ ವೀಸಾ ಖಲಾಸ್. ಊರಿನಲ್ಲಿ ಮಗಳು ಈ ವರ್ಷವಷ್ಟೇ ನರ್ಸಿಂಗ್ ಸೇರಿದ್ದಳು.

“ಉಮರಬ್ಬಾಕ, ನಾನು ಬಂದೂಕು ನೋಡಿದ್ದು ಮಾರ್ನೆಮಿ ಹಬ್ಬದ ವೇಷದವರ ಕೈಯಲ್ಲಿ ಮಾತ್ರ!” ಎಂದು ಬೆಳಿಗ್ಗೆ ಗೋಳಾಡಿದ್ದ.

“ನೋಡಿದ್ದಿ ಅಂತ ಆಯ್ತಲ್ಲ! ಹೋಗಿ ಬಾ ಮಾರಾಯ. ನಿನ್ನನ್ನು ತಿನ್ಲಿಕ್ಕೆ ಅವರೆಂತ ಹುಲಿಯಾ?” ಉಮರಬ್ಬ ನಗುತ್ತಲೇ ಪೂವಪ್ಪನ ಕೊರಳಿನಿಂದ ಅಳತೆಯ ಟೇಪನ್ನು ತಾವೇ ತೆಗೆದಿಟ್ಟುಕೊಂಡು, ಬಸ್ಸಿಗೆ ಚಿಲ್ಲರೆಯನ್ನೂ ಕೊಟ್ಟಿದ್ದರು.

ಈಗ ಕಫೀಲರ ಮಜ್ಲಿಸ್ ಚಾವಡಿಯ ಮೂಲೆಯಲ್ಲಿ ಕನ್ನಡಕದ ಅತಿಥಿಯೊಬ್ಬ ಕಾವಾ ಕಾಫಿ ಹೀರುತ್ತಿದ್ದ. ಅವನ ಮೊಣಕಾಲಿನ ಕೆಳಗೊಂದು ಫೈಲು. ಕಫೀಲರು ಕೊರಳಪಟ್ಟಿಯೊಳಗೆ ಎರಡು ಬೆರಳು ತೂರಿಸಿ ಎಳೆದುಕೊಂಡರು. ಸಿಟ್ಟು ನುಂಗುತ್ತಿದ್ದಾರೆ ಎಂದುಕೊಂಡ ಪೂವಪ್ಪ.

“ಯಲ್ಲಾ, ಪೂವಪ್ಪ. ಹೆಗಲಿನಿಂದ ತಾನೇ ಶುರು ಮಾಡುವುದು?” ಎಂದರು ಕಫೀಲರು.

ಹೆಗಲು! ಹೆಗಲು ಅವನಿಗೆ ಗೊತ್ತಿತ್ತು. ಹೆಗಲು, ತೋಳು, ಮಣಿಕಟ್ಟು. ಮುಖ ನೋಡದವರಿಗೂ ಅವನು ಹೊಲಿದುಕೊಟ್ಟಿದ್ದ. ಪ್ರತಿ ಈದ್‌ಗೆ ಉಮರಬ್ಬ ಹಳೆಯ ದಿಶ್‌ದಾಶವೊಂದನ್ನು ತಂದು, “ಇದೇ ಅಳತೆ, ಹೆಸರು ಕೇಳ್ಬೇಡ,” ಎಂದು ಕೊಡುತ್ತಿದ್ದರು. ಆ ನೀಳ ಬಿಳಿ ಅಂಗಿ ತೊಡುವವನು ಕಪ್ಪೋ ಬಿಳುಪೋ ಪೂವಪ್ಪನಿಗೆ ತಿಳಿಯದು. ತೋಳಿನುದ್ದ ಮಾತ್ರ ಬಾಯಿಪಾಠ.

ಅಜ್ಜನ ಪಕ್ಕದಲ್ಲಿದ್ದ ಹುಡುಗನನ್ನು ಕರೆದು ನೆಟ್ಟಗೆ ನಿಲ್ಲಿಸಿದ. ಗೇಣಿನಿಂದ ಹೆಗಲು ಅಳೆದ. ಮೊಣಕೈ ಮಡಚಿಸಿ, ಬಂದೂಕಿನ ಹಿಂಬದಿಯ ಮರವನ್ನು ಅಲ್ಲಿಗೆ ಆನಿಸಿ, ಬೆರಳು ಟ್ರಿಗರಿಗೆ ಎಟಕುತ್ತದೆಯೇ ನೋಡಿದ. ಮೊದಲನೆಯದು ಉದ್ದ. ಎರಡನೆಯದೂ ಉದ್ದ. ಮೂರನೆಯದು ಮೈಗೆ ಹೊಲಿದ ಹಾಗೆ ಕೂತಿತು.

“ಇದೇ.”

“ಬೆಳೆಯುವ ಹುಡುಗ,” ಎಂದ ಅತಿಥಿ. ಅದು ಅವನ ಮೊದಲ ಮಾತು. “ಸ್ವಲ್ಪ ದೊಡ್ಡದೇ ಇರಬಹುದಲ್ಲ?”

“ದೊಡ್ಡದಾದ್ರೆ ಮಡಚಿ...” ಪೂವಪ್ಪ ನಾಲಗೆ ಕಚ್ಚಿಕೊಂಡ. ಕಫೀಲರಿಗೆ ಒಮ್ಮೆಲೇ ಕೆಮ್ಮು ಬಂತು. “ಮಡಚಿ ಹೊಲೀಲಿಕ್ಕೆ ಬಂದೂಕು ಎಂತ ಅಂಗಿಯಾ ಸಾರ್?” ಎಂದು ಪೂವಪ್ಪ ಮಾತು ತಿರುಗಿಸಿದ. “ ತೋಳು ಸಾಲದಿದ್ರೆ ಕತ್ತು ಮುಂದೆ ಚಾಚ್ಬೇಕಾಗ್ತದೆ. ಗುರಿಯೂ ತಪ್ತದೆ, ಹೆಗಲಿಗೂ ಪೆಟ್ಟು.”

ಅತಿಥಿ ಅವನನ್ನೇ ನೋಡಿದ. ಮೆಲ್ಲಗೆ ತಲೆದೂಗಿದ. “ನನ್ನ ತಂದೆಯೂ ಹೀಗೇ ಆರಿಸುತ್ತಿದ್ದರು,” ಎಂದು ಫೈಲು ಬಿಚ್ಚಿದ. ಒಳಗಿದ್ದದ್ದು ಪೂವಪ್ಪನ ಲೇಬರ್ ಕಾರ್ಡು! “ನೀನು ಬಂದೂಕಿನ ಗಂಧಗಾಳಿ ಇಲ್ಲದವನು ಅಂತ ಯಾರೋ ಅರ್ಜಿ ಹಾಕಿದ್ದರು. ಕಣ್ಣಾರೆ ನೋಡಿದೆನಲ್ಲ.” ಟಪ್ ಎಂದು ಮುದ್ರೆ ಬಿತ್ತು. ಇನ್ನೆರಡು ವರ್ಷ.

ಲೇಬರ್ ಆಫೀಸಿನ ಆ ಅಧಿಕಾರಿಯ ಕಾರು ಹೊರಟ ಮೇಲೆ ಪೂವಪ್ಪ ಬಂದೂಕುಗಳನ್ನು ಮತ್ತೆ ಸಾಲಾಗಿ ಚಾಪೆಯ ಮೇಲಿಟ್ಟ. ಪಾಪ, ಅಧಿಕಾರಿಯ ಜೊತೆಗೆ ಕಫೀಲರೂ ಮೋಸಹೋದರಲ್ಲ ಎಂದು ಅವನಿಗೆ ಒಳಗೊಳಗೇ ನಾಚಿಕೆಯಾಯಿತು. ಅವನು ಸಲಾಂ ಹೇಳಿ ಮೆಟ್ಟಿಲಿಳಿಯುವಾಗ ಅವರು ಖರ್ಜೂರದ ಪೊಟ್ಟಣವೊಂದನ್ನು ಕೈಗಿತ್ತು, ಮತ್ತೆ ಕೊರಳಪಟ್ಟಿಯೊಳಗೆ ಬೆರಳು ತೂರಿಸಿದರು.

“ಕಳೆದ ಈದ್‌ನದ್ದು ಕತ್ತಿಗೆ ಬಿಗಿಯಾಯಿತು, ಪೂವಪ್ಪ, ಉಮರಬ್ಬನ ಹತ್ತಿರ ಹೊಸ ಬಟ್ಟೆ ಕಳಿಸಿದ್ದೇನೆ, ಈ ಸಲ ಅರ್ಧ ಇಂಚು ಬಿಟ್ಟು ಹೊಲಿ.”