ಕಾಲ್ಗುಣ

"ಅಯ್ಯೋ, ಸಾಕು ಬಿಡ್ರಿ!"

ಜಗಲಿಯಲ್ಲಿ ಬೋರಲು ಮಲಗಿದ್ದ ವನಜಾಕ್ಷಿ ಚೀರಿದಳು. ಗಂಡ ಗೋವರ್ಧನ ಅವಳ ಸೊಂಟಕ್ಕೆ ಇನ್ನೊಮ್ಮೆ ಒದ್ದ. ಹುಟ್ಟುವಾಗ ಕಾಲು ಮುಂದು ಮಾಡಿ ಬಂದವನು ಅವನು. ಅಂಥವರು ಒದ್ದರೆ ಹಿಡಿದುಕೊಂಡ ಸೊಂಟ ಬಿಡುತ್ತದೆಂದು ಮೊಳಕಾಲ್ಮೂರಿನ ನೇಕಾರರ ಕೇರಿಯೆಲ್ಲ ಅವನ ಬಾಗಿಲಿಗೆ ಬರುತ್ತಿತ್ತು. ಬೆಳಗಿನಿಂದ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವವರಿಗೆ ಸೊಂಟನೋವಿಗೇನು ಬರ! ಎಲ್ಲರ ಸೊಂಟ ಬಿಡಿಸಿದ ಮಹಾನುಭಾವನಿಗೆ ಹೆಂಡತಿಯದು ಮಾತ್ರ ಬಗ್ಗಲಿಲ್ಲ. ಅವಳ ಬಲಗಾಲು ಜೋಮು ಹಿಡಿದು, ಮಗ್ಗ ತುಳಿಯಲೂ ಆಗದಂತಾಯಿತು.

ಅಣ್ಣ ಮಾರುತೇಶ್ ಬಂದು ಅವಳನ್ನು ಚಳ್ಳಕೆರೆಗೆ ಕರೆದೊಯ್ದ. ಗೋವರ್ಧನನೂ ಮುಖ ಗಂಟಿಕ್ಕಿಕೊಂಡು ಹಿಂದೆ ಹೋದ. ಡಾಕ್ಟರು ಸ್ಕ್ಯಾನಿಂಗ್ ನೋಡಿ, "ಡಿಸ್ಕ್ ಜಾರಿ ಕಾಲಿನ ನರ ಒತ್ತುತ್ತಿದೆ. ದಾವಣಗೆರೆಗೆ ಹೋಗಿ ಆಪರೇಷನ್ ಮಾಡಿಸಿ. ತಡ ಮಾಡಿದರೆ ಪಾದ ಎತ್ತೋಕೇ ಆಗಲ್ಲ" ಎಂದರು.

ಹೊರಗೆ ಬಂದ ಗೋವರ್ಧನ ಮಾರುತೇಶನ ಮೇಲೆ ಹರಿಹಾಯ್ದ. "ನನ್ ಹೆಂಡ್ತಿನೇ ಸೊಂಟ ಕೊಯ್ಸಿಕೊಂಡ್ಳು ಅಂದ್ರೆ ನನ್ ಕಾಲಿಗೇನ್ ಮರ್ಯಾದೆ ಉಳೀತೈತೆ ಭಾವ?"

"ನಿನ್ ಕಾಲಿನ ಮರ್ಯಾದೆಗೆ ನನ್ ತಂಗಿ ಕಾಲು ಹೋಗ್ಬೇಕೇನಲೇ?"

ಗೋವರ್ಧನ ತಲೆ ಕೆರೆದುಕೊಂಡ. ಕೊನೆಗೆ, "ಆಗ್ಲಿ, ಮಾಡ್ಸಾನ. ಊರಲ್ಲಿ ಮಾತ್ರ ಗರ್ಭಕೋಶ ತೆಗ್ಸಿದ್ವಿ ಅನ್ಬೇಕು" ಎಂದ.

ವನಜಾಕ್ಷಿ ಹೂಂ ಎಂದಳು. ಕಾಲು ಉಳಿದರೆ ಸಾಕಾಗಿತ್ತು ಅವಳಿಗೆ.

ಉಳಿಯಿತು. ಮನೆಗೆ ಬಂದವಳನ್ನು ಯಾರೂ ಕೆದಕಲಿಲ್ಲ. ಗರ್ಭಕೋಶ ತೆಗೆಸಿದವರಿಗೆ ಆ ಕೇರಿಯಲ್ಲೇನು ಕಡಿಮೆಯೇ? "ಒಳ್ಳೇದಾತು ಬಿಡು, ಪೀಡೆ ಕಳೀತು" ಎಂದು ಎದುರುಮನೆಯ ಪಾಪಕ್ಕ ಎಳನೀರು ಕೊಟ್ಟು ಹೋದಳು. ಗೋವರ್ಧನನ ಕಾಲಿಗೆ ಗಿರಾಕಿ ತಪ್ಪಲಿಲ್ಲ.

ಮೊನ್ನೆ ಪಕ್ಕದ ಮನೆಯ ಹರ್ಷಿತಾ ಗೋಡೆ ಹಿಡಿದುಕೊಂಡು ಬಂದಳು. ಇನ್ನೂ ಚಿಕ್ಕ ವಯಸ್ಸು, ಅವಳೂ ಮಗ್ಗದಲ್ಲಿ ಕೂರುವವಳೇ. ಒಂದು ಕಾಲನ್ನು ಎಳೆದು ಹಾಕುತ್ತಿದ್ದಳು. ಅದನ್ನು ಕಂಡದ್ದೇ ವನಜಾಕ್ಷಿಗೆ ತನ್ನ ಕಾಲು ನೆನಪಾಯಿತು. ಹುಡುಗಿಯನ್ನು ಒಳಗೆ ಕರೆದು, ಕದ ಮುಂದೆ ಮಾಡಿ, ಸೆರಗು ಸರಿಸಿ ಬೆನ್ನಿನ ಹೊಲಿಗೆ ತೋರಿಸಿದಳು.

"ನಂಗೆ ವಾಸಿಯಾಗಿದ್ದು ಇದ್ರಿಂದ ಕಣೇ, ಅವರ ಕಾಲಿಂದಲ್ಲ. ಒದೆಸ್ಕೋಬ್ಯಾಡ. ನಾಳೇನೇ ಚಳ್ಳಕೆರೆಗೆ ಹೋಗು."

"ಸೊಂಟಕ್ಕೆ ಚಾಕು ಹಾಕ್ಸಿದೋಳ್ನ ಯಾರು ಮದ್ವೆ ಆಗ್ತಾರಕ್ಕ?"

"ಊರಿಗ್ಯಾಕೆ ಹೇಳ್ತೀಯಾ? ನನ್ನಂಗೆ ಗರ್ಭಕೋಶ..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಹೊರಗೆ ಗೋವರ್ಧನ ಆಗಲೇ ಕಾಲು ತೊಳೆದುಕೊಂಡು ನಿಂತಿದ್ದ. "ಬಾರವ್ವ, ಹೊತ್ತಾತು" ಎಂದು ಕೂಗಿದ.

ಹರ್ಷಿತಾ ಕದದ ಕಡೆ ನೋಡಿದಳು, ವನಜಾಕ್ಷಿಯ ಕಡೆ ನೋಡಿದಳು.

"ನಾನು ಏನ್ ತೆಗ್ಸಿದೆ ಅಂತ ಹೇಳ್ಲಕ್ಕಾ?"